ಮನೆ ಹಂದಿ, ಊರೂಟ: ಒಲೆ ಹಚ್ಚುವ ಮೊದಲು

ಆಗಸ್ಟ್ ಬಂದು ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರವಾದರೆ ಕೊಡಗಿನಲ್ಲಿ ಪಶುವೈದ್ಯರಿಗೆ ಬರುವ ಫೋನುಗಳೇ ಬೇರೆ. "ಡಾಕ್ಟ್ರೇ, ಕೈಲ್ ಮುಹೂರ್ತಕ್ಕೆ ಈ ಸಲ ಮನೆ ಹಂದಿನೇ. ನೂರು ಜನ ಆಗ್ತಾರೆ, ಒಂದು ಸಾಕಾ?"

ಸಾಕು. ಏಳೆಂಟು ತಿಂಗಳ ಯಾರ್ಕ್‌ಶೈರ್ ಮಿಶ್ರತಳಿ ಹಂದಿ ಚೆನ್ನಾಗಿ ಮೇಯಿಸಿದರೆ 80 ಕೆ.ಜಿ. ಮುಟ್ಟುತ್ತದೆ. ರಕ್ತ, ಕರುಳು, ಕೂದಲು ಕಳೆದರೆ ನೂರಕ್ಕೆ 70 ಪಾಲು ಉಳಿಯುತ್ತದೆ. ತಲೆ, ಕಾಲು ಬದಿಗಿಟ್ಟರೂ ಒಬ್ಬೊಬ್ಬರಿಗೆ 400 ಗ್ರಾಂ ಹಸಿ ಮಾಂಸ ಸಿಗುತ್ತದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಜೊತೆಗಿದ್ದರೆ ಧಾರಾಳ ಆಯಿತು.

ಆದರೆ ಊಟದ ರುಚಿ ಒಲೆಯ ಮುಂದೆ ತೀರ್ಮಾನ ಆಗುವುದಿಲ್ಲ. ಹಂದಿಗೂಡಿನಲ್ಲೇ ಆಗಿಬಿಟ್ಟಿರುತ್ತದೆ. ಬೀಜ ತೆಗೆಸದ ದೊಡ್ಡ ಗಂಡಾದರೆ ಮಾಂಸ ಬೇಯುವಾಗಲೇ ಗಬ್ಬು ವಾಸನೆ ಏಳುವ ಸಾಧ್ಯತೆ ಇದೆ. ನಮ್ಮ ಕಪ್ಪು ಹುಳಿರಸ ಕಾಚಂಪುಳಿಯಾಗಲಿ, ಹುರಿದ ಕರಿಮೆಣಸಾಗಲಿ ಅದನ್ನು ಮುಚ್ಚುವುದಿಲ್ಲ. ಮರಿಯಿದ್ದಾಗಲೇ ಬೀಜ ತೆಗೆಸಿ. ಜಂತುಹುಳದ ಇಂಜೆಕ್ಷನ್ ಕೊಡಿಸಿದ್ದರೆ ಮಾಂಸದಲ್ಲಿ ಔಷಧಿ ಉಳಿಯದಂತೆ 28 ದಿನ ಕಳೆಯದೆ ಕಡಿಯಬೇಡಿ ಅನ್ನುತ್ತೇನೆ ನಾನು. ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಲೇಬಲ್ ಮೇಲೆ ಎಷ್ಟು ದಿನ ಬರೆದಿದೆಯೋ ಅಷ್ಟು ಕಾಯಿರಿ.

ಹಿಂದಿನ ರಾತ್ರಿ ತಿಂಡಿ ನಿಲ್ಲಿಸಿ, ನೀರು ಮಾತ್ರ ಇರಲಿ. ಬೆಳಿಗ್ಗೆ ಹುಡುಗರು ಕೂಗುತ್ತಾ ಅಂಗಳದ ತುಂಬ ಅಟ್ಟಿಸಿ ಹಿಡಿಯುವುದನ್ನು ಮಾತ್ರ ದಯವಿಟ್ಟು ಬಿಡಿ. ಬೆದರಿದ ಹಂದಿಯ ಸ್ನಾಯುವಿನಲ್ಲಿ ಆಮ್ಲ ಬೇಗ ಏರುತ್ತದೆ. ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ, ಬೆಂದ ಮೇಲೆ ನಾರುನಾರಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಾವೇ ಸಾಕಿದ ಪ್ರಾಣಿ ಅದು. ಭಯ, ನೋವು ಆದಷ್ಟು ಕಡಿಮೆ ಆಗುವಂತೆ, ಮೊದಲು ಪ್ರಜ್ಞೆ ತಪ್ಪಿಸಿ ಕೊಲ್ಲುವುದು ನಮ್ಮ ಹೊಣೆ.

ಕಡಿದ ಮೇಲೆ ನಾಲಿಗೆಯ ಅಡಿಭಾಗ, ದವಡೆಯ ದಪ್ಪ ಮಾಂಸ, ಹೃದಯ ಈ ಮೂರನ್ನೂ ಕೊಯ್ದು ಬೆಳಕಿನಲ್ಲಿ ನೋಡಿ. ಬೆಂದ ಸಾಬಕ್ಕಿಯಂಥ ಬಿಳಿ ಗುಳ್ಳೆ ಕಂಡರೆ ಲಾಡಿಹುಳದ ಮರಿಗಳು ಅಂತ ಅರ್ಥ. ಅಂಥ ಹಂದಿ ಊಟಕ್ಕೆ ಬೇಡ, ಪಶುವೈದ್ಯರನ್ನು ಕರೆಯಿರಿ. ಇಲ್ಲೊಂದು ತಪ್ಪು ತಿಳಿವಳಿಕೆ ಜನರಲ್ಲಿ ಗಟ್ಟಿಯಾಗಿದೆ. ಹಂದಿ ತಿಂದರೆ ಹುಳ ನೇರ ಮಿದುಳಿಗೆ ಹೋಗುತ್ತದೆ ಅನ್ನುತ್ತಾರೆ. ಹಾಗಲ್ಲ. ಅರೆಬೆಂದ ಮಾಂಸದಿಂದ ಮನುಷ್ಯರ ಕರುಳಿಗೆ ಲಾಡಿಹುಳ ಬರುತ್ತದೆ. ಮಿದುಳಿಗೆ ಹೋಗುವುದು ಅದರ ಮೊಟ್ಟೆ ಹೊಟ್ಟೆ ಸೇರಿದಾಗ. ಆ ಮೊಟ್ಟೆ ಹುಳವಿದ್ದವರ ಮಲದಿಂದ, ತೊಳೆಯದ ಕೈಯಿಂದ, ಹಸಿ ತರಕಾರಿಯಿಂದ ಬರುತ್ತದೆ. ಹಂದಿಗೂ ಅದು ಬರುವುದು ಮನುಷ್ಯರ ಮಲ ತಿಂದೇ. ಆದ್ದರಿಂದ ಗೂಡಿನಲ್ಲೇ ಸಾಕಿದ ಹಂದಿ, ಮನೆಯಲ್ಲಿ ಎಲ್ಲರಿಗೂ ಶೌಚಾಲಯ, ಅಡುಗೆಯವರ ಸೋಪು ಹಾಕಿ ತೊಳೆದ ಕೈ, ಈ ಮೂರಿದ್ದರೆ ಅರ್ಧ ಚಿಂತೆ ಹೋಯಿತು.

ಮಾಂಸವನ್ನು ಒಂದೇ ದೊಡ್ಡ ಟಬ್ಬಿನಲ್ಲಿ ರಾಶಿ ಹಾಕಬೇಡಿ. ನಡುವಿನ ಬಿಸಿ ಆರುವುದೇ ಇಲ್ಲ. ಅಗಲ ಪಾತ್ರೆಗಳಲ್ಲಿ ಹರಡಿ, ಬೇಗ ಒಲೆಗೇರಿಸಿ. ಹಿಂದಿನ ದಿನವೇ ಕಡಿಯುವುದಾದರೆ ಐಸ್ ಬೇಕೇ ಬೇಕು.

ಪಂದಿಕರಿಯಲ್ಲಿ, ಅಂದರೆ ನಮ್ಮ ಹಂದಿ ಸಾರಿನಲ್ಲಿ, ತುಂಡು ಸಣ್ಣದು, ಕುದಿ ಉದ್ದ. ಹಾಗಾಗಿ ಒಳಗೆ ಹಸಿ ಉಳಿಯುವುದಿಲ್ಲ. ನನಗೆ ಹೆದರಿಕೆ ಇರುವುದು ಈಚೆಗೆ ಯುವಕರಿಗೆ ಹಿಡಿದಿರುವ ಇಡೀ ಹಂದಿ ಸುಡುವ ಆಸೆಯ ಬಗ್ಗೆ. ಹೊರಗೆ ಚರ್ಮ ಗರಿಗರಿ, ಒಳಗೆ ತೊಡೆಯ ನಡುವೆ ಎಲುಬಿನ ಪಕ್ಕ ಇನ್ನೂ ಗುಲಾಬಿ. ಸುಡಲೇಬೇಕಾದರೆ 25-30 ಕೆ.ಜಿ. ಮರಿ ತೆಗೆದುಕೊಳ್ಳಿ, ಉರಿ ಬೇಡ, ಕೆಂಡ ಸಾಕು. ಮಾಂಸದ ಥರ್ಮಾಮೀಟರ್ ತಂದು ತೊಡೆಯ ದಪ್ಪ ಭಾಗಕ್ಕೆ, ಎಲುಬು ತಾಗದಂತೆ ಚುಚ್ಚಿ. 71 ಡಿಗ್ರಿ ಸೆಲ್ಸಿಯಸ್ ತೋರಿಸದೆ ಬಡಿಸಬೇಡಿ.

ಊಟ ಮುಗಿದ ಮೇಲೆ ಎಂಜಲು, ಎಲುಬು ಉಳಿದ ಹಂದಿಗಳ ತೊಟ್ಟಿಗೆ ಹೋಗಬಾರದು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಿತು. 2022ರ ಜುಲೈನಲ್ಲಿ ನಮ್ಮ ಪಕ್ಕದ ವಯನಾಡಿಗೇ ಬಂತು. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ, ಆದರೆ ಗೂಡಿಗೆ ಗೂಡೇ ಖಾಲಿ ಮಾಡುತ್ತದೆ. ಹಸಿ ಮಾಂಸದಲ್ಲಿ, ಸರಿಯಾಗಿ ಬೇಯದ ಚೂರಿನಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಜ್ವರ ಬಂದು, ಮೇವು ಬಿಟ್ಟು, ಕಿವಿ ಕೆಂಪಾದ ಹಂದಿಯನ್ನು "ಸಾಯೋ ಮೊದಲು ಕಡಿದುಬಿಡೋಣ" ಅಂತ ಹೊರಡಬೇಡಿ. ಗೂಡಿನ ಬಾಗಿಲು ಹಾಕಿ, ಪಶು ಆಸ್ಪತ್ರೆಗೆ ತಿಳಿಸಿ. ಕರುಳು, ರಕ್ತ, ಎಲುಬನ್ನು ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಗುಂಡಿ ಬಾವಿಯಿಂದ, ತೋಡಿನಿಂದ ದೂರ ಇರಲಿ.