ಆಷಾಢದಲ್ಲಿ ಬಿಗಿಯುವ ಪೆಟ್ಟಿಗೆ

ಮಗುವಿನ ಬಟ್ಟೆ, ಆಟಿಕೆ ತುಂಬಿಡಲು ಮಾರ್ಚ್‌ನಲ್ಲಿ ಮಾಡಿಸಿದ ಮರದ ಪೆಟ್ಟಿಗೆಯ ಮುಚ್ಚಳ ಆಷಾಢದ ಮಳೆಗೆ ಕಚ್ಚಿಕೊಳ್ಳುತ್ತದೆ. ಅಮಾವಾಸ್ಯೆಗೆ ಕಡಿದ ಮರವಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ತಿಥಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಡಿದು ಐವತ್ತು ವರ್ಷವಾದ ಹಲಗೆಯೂ ಪ್ರತಿ ಮಳೆಗಾಲ ಹಿಗ್ಗುತ್ತದೆ, ಪ್ರತಿ ಬೇಸಿಗೆ ಕುಗ್ಗುತ್ತದೆ.

ಆದರೆ ಅಡ್ಡಕ್ಕೆ ಮಾತ್ರ! ಇದೇ ಸೊಗಸು. ಮರದ ಸೆಲ್ಯುಲೋಸ್ ನಾರುಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಮಲಗಿರುತ್ತವೆ. ಗಾಳಿಯ ತೇವ ನಾರಿನೊಳಗೆ ತೂರದೆ ನಾರುಗಳ ನಡುವೆ ಸೇರಿ ಅವನ್ನು ದೂರ ತಳ್ಳುತ್ತದೆ. ಹಿಡಿಕಡ್ಡಿಯ ಕಟ್ಟಿನೊಳಗೆ ಅಕ್ಕಿಕಾಳು ತುರುಕಿ ನೋಡಿ: ಕಟ್ಟು ದಪ್ಪವಾಗುತ್ತದೆ, ಕಡ್ಡಿ ಉದ್ದವಾಗದು. ಜಾತ್ರೆಯ ಜನಸಂದಣಿಗೆ ಇನ್ನಷ್ಟು ಮಂದಿ ನುಗ್ಗಿದರೆ ಸಾಲು ಅಗಲವಾಗುತ್ತದೆ, ಯಾರೂ ಎತ್ತರವಾಗುವುದಿಲ್ಲ. ಒಣಗಿ ಸೋರುವ ಮರಿಗೆಯನ್ನು ನೀರಲ್ಲಿ ನೆನೆಹಾಕಿದರೆ ಬಿರುಕು ಮುಚ್ಚುವುದೂ ಇದೇ ಕಾರಣಕ್ಕೆ.

ಲೆಕ್ಕ ಹಾಕೋಣ. ಮರದ ತೇವಾಂಶ ಶೇ. 1 ಏರಿದರೆ ಸಾಗುವಾನಿ ಹಲಗೆ ಅಗಲದಲ್ಲಿ ಸುಮಾರು ಶೇ. 0.2 ಹಿಗ್ಗುತ್ತದೆ. ಬೇಸಿಗೆಯ ಶೇ. 10ರಿಂದ ಮಳೆಗಾಲದ ಶೇ. 18ಕ್ಕೆ ಏರಿದರೆ 400 ಮಿ.ಮೀ. ಅಗಲದ ಮುಚ್ಚಳ 6 ಮಿ.ಮೀ. ಬೆಳೆಯಿತು. ಸಾಗರ, ಸೊರಬದ ಗುಡಿಗಾರರ ಅಂಗೈಯಗಲದ ಗಂಧದ ಪೆಟ್ಟಿಗೆಗಳಿಗೆ ಈ ಕಾಟ ಅಷ್ಟಾಗಿ ತಟ್ಟುವುದಿಲ್ಲ, ಅಗಲವೇ ಕಡಿಮೆ.

750 ಮಿ.ಮೀ. ಉದ್ದ, 400 ಅಗಲ, 400 ಎತ್ತರದ ಪೆಟ್ಟಿಗೆಗೆ 20 ಮಿ.ಮೀ. ಹಲಗೆ ಸಾಕು. ನಾಲ್ಕೂ ಗೋಡೆಗಳ ನಾರು ನೆಲಕ್ಕೆ ಸಮಾನಾಂತರವಾಗಿಯೇ ಇರಲಿ. ಆಗ ಎಲ್ಲವೂ ಎತ್ತರದಲ್ಲಿ ಒಟ್ಟಿಗೆ ಹಿಗ್ಗುತ್ತವೆ, ಮೂಲೆಯ ಕಚ್ಚು ಸಡಿಲವಾಗದು. ತಳಕ್ಕೆ ಪ್ಲೈವುಡ್. ಮುಚ್ಚಳವನ್ನು ಗೋಡೆಗಳ ಒಳಗೆ ಕೂರಿಸದೆ ಮೇಲೆ ಕೂರಿಸಿ, ಮುಂದೆ 15 ಮಿ.ಮೀ. ಚಾಚಲಿ.

ಎಲ್ಲರೂ ಎಡವುವುದು ಮುಚ್ಚಳದ ಅಡಿಪಟ್ಟಿಯಲ್ಲಿ, ಅಂದರೆ ಹಲಗೆಯ ನಾರಿಗೆ ಅಡ್ಡವಾಗಿ ಕೆಳಗೆ ಹಾಕುವ ಪಟ್ಟಿಯಲ್ಲಿ. ಪಟ್ಟಿಗೆ ಉದ್ದಗಲಕ್ಕೂ ಅಂಟು ಬಳಿದು ಸ್ಕ್ರೂ ಬಿಗಿದರೆ ಹಿಗ್ಗುವ ಹಲಗೆಯನ್ನು ಹಿಗ್ಗದ ಪಟ್ಟಿ ಹಿಡಿದಿಡುತ್ತದೆ. ಬೇಸಿಗೆಗೆ ಕುಗ್ಗಲಾಗದೆ ಹಲಗೆ ಸೀಳುತ್ತದೆ. ಅಂಟು ಬೇಡ. ನಡುವಿನ ಸ್ಕ್ರೂ ಮಾತ್ರ ಬಿಗಿ, ಎರಡು ತುದಿಯವಕ್ಕೆ ಪಟ್ಟಿಯಲ್ಲಿ 10 ಮಿ.ಮೀ. ಉದ್ದನೆಯ ತೂತು. ವಾರ್ನಿಶ್ ತೇವವನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ಹೊರಗೆ ಮಾತ್ರ ಬಳಿದರೆ ಮುಚ್ಚಳ ಬಾಗುತ್ತದೆ, ಒಳಗೂ ಅಷ್ಟೇ ಬಳಿಯಿರಿ. ಮರ ಕೊರೆಯುವ ಕುಟ್ಟೆ ಹುಳು ಹುಡುಕುವುದು ಪಿಷ್ಟವನ್ನು, ಪಂಚಾಂಗವನ್ನಲ್ಲ. ಪಿಷ್ಟವಿರುವ ಹೊರಗಿನ ಬಿಳಿ ಭಾಗ ತೆಗೆದು ಒಳಗಿನ ಗಟ್ಟಿ ಚೇಗನ್ನೇ ಬಳಸಿ.

ಇಂಥ ಮುಚ್ಚಳ ನಾಲ್ಕು ಕೆ.ಜಿ. ಮೀರುತ್ತದೆ. ಬಗ್ಗಿದ ಮಗುವಿನ ಕುತ್ತಿಗೆಯ ಮೇಲೆ ಬಿದ್ದರೆ ಪ್ರಾಣಾಪಾಯ. ಮುಚ್ಚಳವನ್ನು ಯಾವ ಕೋನದಲ್ಲೂ ಹಿಡಿದು ನಿಲ್ಲಿಸುವ ಆಸರೆ ಹಾಕಲೇಬೇಕು. ಚಿಲಕ ಬೇಡವೇ ಬೇಡ. ಮುಂಗೋಡೆಯ ಮೇಲಂಚನ್ನು ಉದ್ದಕ್ಕೆ 12 ಮಿ.ಮೀ. ತಗ್ಗಾಗುವಂತೆ ಕೆತ್ತಿ: ಬೆರಳು ಜಜ್ಜುವುದಿಲ್ಲ, ಒಳಗೆ ಅವಿತುಕೊಂಡ ಮಗುವಿಗೆ ಗಾಳಿಯೂ ಸಿಗುತ್ತದೆ.

ಮನೆಯಲ್ಲಿ ಒಳಕೂರುವ ಮುಚ್ಚಳದ ಹಳೆಯ ಪೆಟ್ಟಿಗೆ ಇದ್ದರೆ, ಜುಲೈನಲ್ಲಿ ಕಚ್ಚಿದಾಗ ಕಾಗದ ತೂರುವಷ್ಟು ಮಾತ್ರ ಮುಚ್ಚಳದ ಅಂಚಿಗೆ ಮರ ಹೆರೆಯುವ ಹತ್ತರಿ ಹೊಡೆಸಿ. ಮುಚ್ಚಳ 400 ಮಿ.ಮೀ. ಅಗಲವಿದ್ದರೆ ಮಾರ್ಚ್ ಹೊತ್ತಿಗೆ ಆ ಸಂದು ತಾನಾಗಿಯೇ ಸುಮಾರು 6 ಮಿ.ಮೀ. ಆಗಿರುತ್ತದೆ.