ಉಳಿದ ಲಸಿಕೆಗೆ ಕತ್ತರಿ ಹಾಕಬೇಡಿ

ಮಾರ್ಚ್ ಬಂತೆಂದರೆ, ಮಕ್ಕಳ ಲಸಿಕೆಯನ್ನು ಸ್ವಂತ ಹಣದಲ್ಲಿ ಕೊಳ್ಳುವ ಪುಣೆಯ ಧರ್ಮಾಸ್ಪತ್ರೆಗಳ ಟ್ರಸ್ಟಿಗಳಿಂದ ನನಗೆ ಒಂದೇ ಪ್ರಶ್ನೆ: “ಫ್ರಿಜ್‌ನಲ್ಲಿ ಇನ್ನೂ ಉಳಿದಿದೆಯಲ್ಲ ಡಾಕ್ಟರೇ, ಈ ಸಲ ಅಷ್ಟು ಕಡಿಮೆ ತರಿಸಿದರಾಗದೇ?” ಕೇಳುವವರಲ್ಲಿ ನಮ್ಮ ಕರಾವಳಿಯ ಹೋಟೆಲ್ ಮಾಲೀಕರೂ ಇದ್ದಾರೆ. ಮಕ್ಕಳೆಂದರೆ ಕೈಬಿಚ್ಚಿ ಕೊಡುವ ಜನ. ಆದರೂ ಈ ಮಾತಿಗೆ ನನ್ನ ತಾಳ್ಮೆ ತಪ್ಪುತ್ತದೆ. ಆಗದು. ಆ ಉಳಿದದ್ದೇ ಮೀಸಲು.

ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಶೇ 25ರಷ್ಟು ಮೀಸಲು ಇಡುವುದು ರೂಢಿ. ತಿಂಗಳಿಗೆ 100 ವಯಲ್ (ಲಸಿಕೆಯ ಪುಟ್ಟ ಸೀಸೆ) ಖರ್ಚಾಗುವಲ್ಲಿ ಆರಂಭಕ್ಕೆ 125 ಇರಬೇಕು. ಕೊನೆಗೆ 25 ಉಳಿದರೆ ತರಿಸಬೇಕಾದದ್ದು 100. “ಉಳಿದಿದೆ” ಎಂದು 75 ತರಿಸಿದಿರೋ, ಮುಂದಿನ ತಿಂಗಳ ಕೊನೆಗೆ ಫ್ರಿಜ್ ಖಾಲಿ. ಸರಬರಾಜು ಒಂದು ವಾರ ತಡವಾದರೂ ಕೂಸನ್ನೆತ್ತಿಕೊಂಡು ಬಂದ ತಾಯಿಯನ್ನು ಬರಿಗೈಯಲ್ಲಿ ಕಳಿಸಬೇಕು. ಮೀಸಲಿಗೆ ದುಡ್ಡು ಹಾಕುವುದು ಒಮ್ಮೆ. ಆಮೇಲೆ ಕೊಳ್ಳುವುದು ಬಳಸಿದಷ್ಟನ್ನೇ. ಬೆಲೆ ಏರಿದರೆ, ಬರುವ ಮಕ್ಕಳು ಹೆಚ್ಚಿದರೆ ಸ್ವಲ್ಪ ಸೇರಿಸಬೇಕಾದೀತು. ನಿಮ್ಮ ಆಸ್ಪತ್ರೆಗೆ ಎಷ್ಟು ಸರಿ ಎಂಬುದನ್ನು ಫ್ರಿಜ್‌ನ ಜಾಗ, ಸರಬರಾಜಿನ ಅಂತರ ನೋಡಿಯೇ ಹೇಳಬೇಕು.

“ಇಟ್ಟದ್ದು ಅವಧಿ ಮೀರದೇ?” ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಮೀರುತ್ತದೆ. ಹೋಟೆಲಿನ ಉಗ್ರಾಣದಲ್ಲಿ ಹೊಸ ಅಕ್ಕಿಮೂಟೆ ಹಿಂದಕ್ಕೆ, ಹಳೆಯದು ಮುಂದಕ್ಕೆ ಬರುವುದಿಲ್ಲವೇ? ಇಲ್ಲಿಯೂ 25 ಎಂಬ ಸಂಖ್ಯೆ ನಿಲ್ಲುತ್ತದೆ, ವಯಲ್‌ಗಳು ಬದಲಾಗುತ್ತಿರುತ್ತವೆ. ಅವಧಿ ಬೇಗ ಮುಗಿಯುವುದು ಮೊದಲು ಹೊರಗೆ. ಅದಕ್ಕೂ ಮೊದಲು, ವಯಲ್ ಮೇಲೆ ಬಣ್ಣದ ವೃತ್ತವಿದ್ದರೆ ಅದನ್ನು ನೋಡಬೇಕು: ಬಿಸಿ ತಾಗಿದಂತೆಲ್ಲ ಒಳಗಿನ ಬಿಳಿ ಚೌಕ ಗಾಢವಾಗುತ್ತದೆ. ಅದು ಸುತ್ತಲಿನ ಬಣ್ಣಕ್ಕೆ ತಿರುಗಿದರೆ, ಅವಧಿ ಎಷ್ಟೇ ಉಳಿದಿರಲಿ, ಆ ಲಸಿಕೆ ಬೇಡ.

“ನಮ್ಮ ಪುಣೆಯ ಹಡಪ್ಸರದಲ್ಲೇ ಲಸಿಕೆ ತಯಾರಿಸುವ ಸೀರಂ ಇನ್‌ಸ್ಟಿಟ್ಯೂಟ್ ಇರುವಾಗ ಚಿಂತೆಯೇಕೆ?” ಎಂದರು ಒಬ್ಬ ಹಿರಿಯರು. ಲಸಿಕೆ ತಯಾರಾಗಲು ತಿಂಗಳುಗಳು ಬೇಕು. ಪ್ರತಿ ಬ್ಯಾಚಿಗೂ ಹಿಮಾಚಲದ ಕಸೌಲಿಯ ಕೇಂದ್ರೀಯ ಔಷಧ ಪ್ರಯೋಗಾಲಯದ ಒಪ್ಪಿಗೆ ಸಿಗಬೇಕು. ಕಾರ್ಖಾನೆ ಪಕ್ಕದಲ್ಲಿದ್ದ ಮಾತ್ರಕ್ಕೆ ಅದು ನಿಮ್ಮ ಉಗ್ರಾಣವಾಗದು.

2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿದಾಗ 9 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಹೆಚ್ಚುವರಿ ಡೋಸ್ ಕೊಡಬೇಕಾಯಿತು. ಅಂಥ ಬೇಡಿಕೆ ಯಾರ ಮಾಸಿಕ ಪಟ್ಟಿಯಲ್ಲೂ ಮೊದಲೇ ಇರುವುದಿಲ್ಲ. ಆದ್ದರಿಂದ ಟ್ರಸ್ಟಿಗಳಲ್ಲಿ ನನ್ನ ವಿನಂತಿ: ಮೀಸಲನ್ನು ಲೆಕ್ಕದ ಪುಸ್ತಕದಲ್ಲಿ ‘ಶಿಲ್ಕು’ ಎಂದು ಬರೆಯಬೇಡಿ. ಅದಕ್ಕೊಂದು ಪ್ರತ್ಯೇಕ ಸಾಲು ಕೊಡಿ, ಲೆಕ್ಕಪರಿಶೋಧಕರಿಗೂ ಈಗಲೇ ತಿಳಿಸಿಡಿ.