ಸಿಲಿಂಡರ್ ಜಾಡಿಸಿ ಮುಚ್ಚುವವರಿಗೆ

ಗನ್ ಶೋದಲ್ಲಿ, ಅಂದರೆ ಬಂದೂಕು ಇಟ್ಟು ತೋರಿಸುವ ಮಾರುವ ಮೇಳದಲ್ಲಿ, ನನ್ನ ಟೇಬಲ್ ಮುಂದೆ ಬಂದು ರಿವಾಲ್ವರ್ ಎತ್ತಿಕೊಂಡು, ಗುಂಡು ತುಂಬುವ ಸಿಲಿಂಡರ್ ಹೊರಗೆ ತೆಗೆದು, ಗಿರ್ರನೆ ಒಂದು ಸಲ ತಿರುಗಿಸಿ, ಮಣಿಕಟ್ಟು ಜಾಡಿಸಿ ಟಪ್ ಅಂತ ಒಳಗೆ ಬಡಿಯುತ್ತಾರಲ್ಲ, ಅವರಿಗೆ ನಾನು ಏನೂ ಅನ್ನುವುದಿಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಅನ್ನುತ್ತೇನೆ. ಮುಖದ ಮೇಲೇ ಅನ್ನುತ್ತೇನೆ. ಆದರೆ ಅಷ್ಟರಲ್ಲಿ ಬಡಿದಾಗಿರುತ್ತದೆ.

ನನ್ನ ಕೆಲಸ ಬಂದೂಕು ರಿಪೇರಿ. ಪೀಣ್ಯದ ಟೂಲ್ ರೂಮಿನಲ್ಲಿ ಕೈ ಪಳಗಿಸಿಕೊಂಡು ಬಂದವನು, ಈಗ ಟೆಕ್ಸಸ್‌ನಲ್ಲಿ ಅಂಗಡಿ. ಜಾಸ್ತಿ ಬರುವುದು ರಿವಾಲ್ವರ್‌ಗಳೇ. ಟ್ರಿಗರ್ ನಯ ಮಾಡುವುದು, ಹಿಂದೆ ಗುಂಡಿಗೆ ಏಟು ಕೊಡುವ ಹ್ಯಾಮರಿನ ಬಾಲ ಕತ್ತರಿಸುವುದು, ಸಿಲಿಂಡರಿನ ತೂತುಗಳ ಅಂಚು ಸವರುವುದು, ಹೊಸ ಹಿಡಿ ಕೂರಿಸುವುದು, ಬ್ಲೂಯಿಂಗ್, ಅಂದರೆ ಸ್ಟೀಲಿನ ಮೇಲಿನ ನೀಲಿಗಪ್ಪು ಮೆರುಗು, ಹೊಸದಾಗಿ ಮಾಡುವುದು. ಸುತ್ತಮುತ್ತಲಿನ ಕೌಂಟಿಗಳ ಫೇರ್‌ಗ್ರೌಂಡ್‌ಗಳಲ್ಲಿ ವಾರಾಂತ್ಯದ ಶೋ ಇದ್ದಾಗ ಟೇಬಲ್ ಬಾಡಿಗೆಗೆ ಹಿಡಿದು ಮಾಡಿದ ಕೆಲಸ ಇಡುತ್ತೇನೆ. ಒಂದು ಪಕ್ಕ ಒಣಮಾಂಸ ಮಾರುವವನು, ಇನ್ನೊಂದು ಪಕ್ಕ ಚಾಕು ಮಾರುವವನು. ಈಚೆಗೆ ನಮ್ಮ ಕನ್ನಡದವರೂ ಬರುತ್ತಾರೆ, ಕೆಲವರು ತಾವೇ ಟೇಬಲ್ ಹಿಡಿದು ಕಸ್ಟಮ್ ಮಾಡಿಸಿದ ರಿವಾಲ್ವರ್‌ಗಳನ್ನು ಜೋಡಿಸಿಡುತ್ತಾರೆ. ನನಗೆ ಖುಷಿಯೇ. ಆದರೆ ಅವರಲ್ಲೂ ಅರ್ಧ ಜನ, ಅದೂ ಸ್ವಂತ ರಿವಾಲ್ವರನ್ನೇ, ನೋಡುವವರ ಮುಂದೆ ಜಾಡಿಸಿ ಮುಚ್ಚುತ್ತಾರೆ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಮೂತಿ ಯಾರ ಕಡೆಗೂ ತಿರುಗಬಾರದು, ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು, ಇದನ್ನೆಲ್ಲ ನಾನಿಲ್ಲಿ ಹೇಳುವುದಿಲ್ಲ. ಇದು ಗೊತ್ತಿಲ್ಲದವರು ಟೇಬಲ್ ಹತ್ತಿರವೇ ಬರಬೇಡಿ, ಮೊದಲು ಒಂದು ಕ್ಲಾಸಿಗೆ ಹೋಗಿ. ನಾನು ಹೇಳಬೇಕಿರುವುದು ಕ್ರೇನ್ ಬಗ್ಗೆ.

ಸಿಲಿಂಡರ್ ಪಕ್ಕಕ್ಕೆ ಹೊರಳಿ ಹೊರಗೆ ಬರುತ್ತದಲ್ಲ, ಅದನ್ನು ಹೊತ್ತಿರುವ ಸಣ್ಣ ತೋಳಿಗೆ ಕ್ರೇನ್ ಅನ್ನುತ್ತಾರೆ, ಸ್ಮಿತ್ ಅಂಡ್ ವೆಸನ್ ಕಂಪನಿಯವರು ಯೋಕ್ ಅನ್ನುತ್ತಾರೆ. ಕೋಲ್ಟ್ ಕಂಪನಿಯ 1873ರ ಸಿಂಗಲ್ ಆಕ್ಷನ್ ಆರ್ಮಿ ಅನ್ನುವ ರಿವಾಲ್ವರಿನಲ್ಲಿ ಇದು ಇರಲಿಲ್ಲ. ಅದರಲ್ಲಿ ಸಿಲಿಂಡರ್ ಇದ್ದಲ್ಲೇ ಇರುತ್ತದೆ, ಪಕ್ಕದ ಪುಟ್ಟ ಬಾಗಿಲು ತೆರೆದು ಒಂದೊಂದೇ ಗುಂಡು ತುಂಬಬೇಕು. 1889ರಲ್ಲಿ ಕೋಲ್ಟ್, 1896ರಲ್ಲಿ ಸ್ಮಿತ್ ಅಂಡ್ ವೆಸನ್ ಪಕ್ಕಕ್ಕೆ ಹೊರಳುವ ಸಿಲಿಂಡರ್ ತಂದರು. ತುಂಬುವುದು ಸುಲಭವಾಯಿತು. ಆದರೆ ರಿವಾಲ್ವರಿನ ಅತಿ ಭಾರದ ಭಾಗಗಳಲ್ಲಿ ಒಂದಾದ ಸಿಲಿಂಡರ್ ಈಗ ಒಂದು ತೆಳು ಕೀಲಿನ ಮೇಲೆ ನೇತಾಡುವಂತಾಯಿತು.

ಆ ಕೀಲು ಮಾಡುವುದು ಬರೀ ಹೊರಳಿಸುವ ಕೆಲಸ ಅಂದುಕೊಂಡರೆ ಅಲ್ಲೇ ತಪ್ಪು. ಸಿಲಿಂಡರ್ ಒಳಗೆ ಹೋದ ಮೇಲೂ ಅದು ನೆಟ್ಟಗೆ ನಿಂತು ತಿರುಗುವಂತೆ ಹಿಡಿದಿರುವುದು ಅದೇ. ಗುಂಡು ಕೂರುವ ಆರು ತೂತುಗಳಲ್ಲಿ ಪ್ರತಿಯೊಂದೂ ಸರದಿ ಬಂದಾಗ ಬ್ಯಾರಲ್‌ಗೆ ಸರಿಯಾಗಿ ನೇರ ಬರಬೇಕು. ಸಿಲಿಂಡರಿನ ಮುಂಭಾಗಕ್ಕೂ ಬ್ಯಾರಲಿನ ಹಿಂಭಾಗಕ್ಕೂ ನಡುವೆ ಇರುವ ಸಂದು ಸಾಮಾನ್ಯವಾಗಿ ಒಂದು ಇಂಚಿನ ಸಾವಿರದಲ್ಲಿ ನಾಲ್ಕರಿಂದ ಎಂಟು ಭಾಗ. ನಾಲ್ಕು ಭಾಗ ಅಂದರೆ ಜೆರಾಕ್ಸ್ ಹಾಳೆಯೊಂದರ ದಪ್ಪ. ಅಷ್ಟೇ. ಕ್ರೇನ್ ಕೂದಲೆಳೆಯಷ್ಟು ಸೊಟ್ಟಗಾದರೂ ಈ ಸಂದು ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ ಆಗುತ್ತದೆ. ಸಿಲಿಂಡರ್ ತಿರುಗುವಾಗ ಒಂದು ಕಡೆ ತಾಗಿಕೊಂಡು ಓಡುತ್ತದೆ. ಟ್ರಿಗರ್ ಕೆಲವು ಗುಂಡಿಗೆ ಹಗುರ, ಕೆಲವಕ್ಕೆ ಭಾರ. ಇನ್ನೂ ಹದಗೆಟ್ಟರೆ ಗುಂಡು ಬ್ಯಾರಲ್ ಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಶೂಟಿಂಗ್ ರೇಂಜಿನಲ್ಲಿ ಪಕ್ಕದ ಸಾಲಿನಲ್ಲಿ ನಿಂತವರ ಕೆನ್ನೆಗೆ ಏನೋ ಚುರುಕ್ ಅಂದರೆ ಎಷ್ಟೋ ಸಲ ಕಾರಣ ಇದೇ. ಪ್ರತಿ ಸಲ ಇದೇ ಅಂತ ಹೇಳಲಾರೆ, ಒಳಗಿನ ಬೇರೆ ಭಾಗ ಸವೆದರೂ ಹೀಗಾಗುತ್ತದೆ. ಬಿಚ್ಚಿ ನೋಡದೆ ನಾನು ಯಾವುದನ್ನೂ ಹೇಳುವುದಿಲ್ಲ.

"ಅಣ್ಣಾ, ಸ್ಟೀಲ್ ಅಲ್ವಾ ಇದು, ಇಷ್ಟಕ್ಕೆಲ್ಲ ಬಗ್ಗುತ್ತಾ?"

ಈ ಪ್ರಶ್ನೆ ಮಂಡ್ಯ ಕಡೆಯ ಒಬ್ಬ ಹುಡುಗನದು. ಒಳ್ಳೆ ಹುಡುಗ, ಕೇಳಿ ತಿಳಿದುಕೊಳ್ಳುವವನು. ಸ್ಮಿತ್ ಅಂಡ್ ವೆಸನ್ ಮಾಡೆಲ್ 19 ತಂದಿದ್ದ. ಹಳೆಯದು, ಬ್ಲೂಯಿಂಗ್ ಇನ್ನೂ ಹೊಳೆಯುತ್ತಿತ್ತು. ಆರರಲ್ಲಿ ಎರಡು ತೂತಿಗೆ ಮಾತ್ರ ಟ್ರಿಗರ್ ಗಟ್ಟಿ ಅಂತ ಅವನ ದೂರು. ಒಳಗೆ ಸ್ಪ್ರಿಂಗ್ ಹೋಗಿರಬೇಕು, ಬದಲಾಯಿಸಿ ಕೊಡಿ ಅಂದ. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿ ನೋಡಿದೆ, ಒಂದೊಂದು ಕಡೆ ಒಂದೊಂದು ಲೆಕ್ಕ ಬರುತ್ತಿತ್ತು. ತೂತು ಬ್ಯಾರಲ್ಲಿಗೆ ನೇರ ಇದೆಯಾ ನೋಡುವ ಸರಳು, ರೇಂಜ್ ರಾಡ್, ಬ್ಯಾರಲ್ ಮೂಲಕ ಇಳಿಸಿದರೆ ಆ ಎರಡು ತೂತಿನ ಅಂಚಿಗೆ ಟಿಕ್ ಅಂತ ತಾಗಿ ನಿಲ್ಲುತ್ತಿತ್ತು. ಸಿಲಿಂಡರ್ ಬಿಚ್ಚಿ ಕ್ರೇನನ್ನು ಅಳತೆ ಸಾಧನಕ್ಕೆ ಹಾಕಿ ತೋರಿಸಿದೆ. ಸೊಟ್ಟ ಎಷ್ಟಿದೆ ಅಂತ ಬರಿಗಣ್ಣಿಗೆ ಕಾಣುವುದಿಲ್ಲ, ಕೂರಬೇಕಾದಲ್ಲಿ ಕೂರುತ್ತಿಲ್ಲ ಅನ್ನುವುದು ಮಾತ್ರ ಕೈಗೆ ಗೊತ್ತಾಗುತ್ತದೆ. "ನೀನು ಇದನ್ನ ಹೇಗೆ ಮುಚ್ಚುತ್ತೀಯಪ್ಪ?" ಅಂದೆ. ಖುಷಿಯಿಂದ ಜಾಡಿಸಿ ತೋರಿಸಿದ.

ಅವನ ಪ್ರಶ್ನೆಗೆ ಉತ್ತರ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಅಲ್ಲೇ. ಸ್ಟೀಲ್ ಗಟ್ಟಿ, ನಿಜ. ಗುಂಡು ಸಿಡಿಯುವ ಒತ್ತಡವನ್ನೇ ತಡೆಯುತ್ತದೆ, ಕೈಯ ಏಟು ಯಾವ ಲೆಕ್ಕ ಅನ್ನಿಸುವುದು ಸಹಜ. ಆದರೆ ಸಿಡಿಯುವ ಒತ್ತಡ ಬೀಳುವುದು ಸಿಲಿಂಡರಿನ ಗೋಡೆಗೆ, ಫ್ರೇಮಿಗೆ. ಕ್ರೇನಿಗೆ ಆ ಕೆಲಸ ಕೊಟ್ಟೇ ಇಲ್ಲ. ಅದು ತೆಳ್ಳಗಿದೆ, ತನ್ನ ಅಗಲಕ್ಕಿಂತ ದೂರದಲ್ಲಿ ಸಿಲಿಂಡರಿನ ಇಡೀ ಭಾರ ಹೊತ್ತಿದೆ. ನೀವು ಜಾಡಿಸಿದಾಗ ಆ ಭಾರ ವೇಗದಿಂದ ಹೋಗಿ ಫ್ರೇಮಿಗೆ ಬಡಿದು ದಿಢೀರನೆ ನಿಲ್ಲುತ್ತದೆ. ನಿಂತದ್ದು ಸಿಲಿಂಡರ್, ಆದರೆ ಏಟು ತಿಂದದ್ದು ಕೀಲು. ಅದರ ಜೊತೆಗೆ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಪುಟ್ಟ ಬೋಲ್ಟು, ಖಾಲಿ ತೋಟಾ ಹೊರಗೆ ತಳ್ಳುವ ಎಜೆಕ್ಟರ್ ಸರಳಿನ ತುದಿಯಲ್ಲಿ ಸಿಕ್ಕಿಕೊಳ್ಳುವ ಲಾಕು, ಇವೂ ಏಟು ತಿನ್ನುತ್ತವೆ. ಗುಂಡು ತುಂಬಿದ್ದರೆ ಭಾರ ಇನ್ನೂ ಜಾಸ್ತಿ. ಒಂದೇ ಸಲಕ್ಕೆ ಬಗ್ಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ, ಎಷ್ಟು ಸಲಕ್ಕೆ ಬಗ್ಗುತ್ತದೆ ಅಂತಲೂ ಹೇಳಲು ಬರುವುದಿಲ್ಲ. ಒಂದೊಂದು ರಿವಾಲ್ವರ್ ಒಂದೊಂದು ಥರ. ಹತ್ತಾರು ವರ್ಷ ಜಾಡಿಸಿಯೂ ಸರಿಯಾಗಿರುವುದನ್ನು ನೋಡಿದ್ದೇನೆ. ಅದನ್ನು ತೋರಿಸಿಕೊಂಡು "ನೋಡಿ, ಏನೂ ಆಗಿಲ್ಲ" ಅನ್ನುವವರನ್ನೂ ನೋಡಿದ್ದೇನೆ. ಶುಭವಾಗಲಿ.

ಸೊಟ್ಟಗಾದ ಕ್ರೇನ್ ಸರಿ ಮಾಡಬಹುದು. ಅಳತೆ ಸಾಧನದ ಮೇಲೆ ಕೂರಿಸಿ ಮೆತ್ತನೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ನೋಡುತ್ತಾ, ಮತ್ತೆ ತಟ್ಟುತ್ತಾ ದಾರಿಗೆ ತರಬೇಕು. ತಾಳ್ಮೆಯ ಕೆಲಸ. ಆದರೆ ಕಸ್ಟಮ್ ಮಾಡಿಸಿದ ರಿವಾಲ್ವರಿನಲ್ಲಿ ಹೊಟ್ಟೆ ಉರಿಯುವುದು ಇಲ್ಲೇ. ಟ್ರಿಗರ್ ಬೆಣ್ಣೆಯಂತೆ ಬರಲಿ ಅಂತ ದುಡ್ಡು ಕೊಟ್ಟು ಮಾಡಿಸಿಕೊಂಡವರೇ, ಅದನ್ನು ಶೋದಲ್ಲಿ ಇಟ್ಟು, ಬಂದವರಿಗೆಲ್ಲ ಜಾಡಿಸಲು ಕೊಟ್ಟು, ಆಮೇಲೆ "ಸಾರ್, ನಿಮ್ಮ ಕೆಲಸ ಆರು ತಿಂಗಳೂ ಬರಲಿಲ್ಲ" ಅಂತಾರೆ.

ಎಲ್ಲಿಂದ ಬಂತು ಈ ಚಟ ಅಂತ ಕೇಳಬೇಕಾಗಿಲ್ಲ, ಸಿನಿಮಾ. ಸಿನಿಮಾದ ರಿವಾಲ್ವರ್ ಸಂಜೆ ಪ್ರಾಪರ್ಟಿ ರೂಮಿಗೆ ಹೋಗುತ್ತದೆ, ನಿಮ್ಮದು ನನ್ನ ಬೆಂಚಿಗೆ ಬರುತ್ತದೆ. ಬೇಗ ಮುಚ್ಚಬೇಕು ಅನ್ನುವ ವಾದವೂ ಒಂದಿದೆ. ವೇಗದ ಗುಂಡು ಹೊಡೆತಕ್ಕೆ ಹೆಸರಾದ ಅಮೆರಿಕದ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ರಿವಾಲ್ವರಿನಿಂದ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದದ್ದು ಒಟ್ಟು 2.99 ಸೆಕೆಂಡಿನಲ್ಲಿ. ಅವನು ರಿವಾಲ್ವರ್ ತುಂಬುವ ವಿಡಿಯೋ ಹಾಕಿ ನಿಧಾನಗತಿಯಲ್ಲಿ ನೋಡಿ. ಸಿಲಿಂಡರನ್ನು ಕೈಯಿಂದಲೇ ಒಳಗೆ ತಳ್ಳುತ್ತಾನೆ. ನಿಮಗೆ ಅವನಿಗಿಂತ ಅವಸರ ಇದೆಯಾ?

ಜಾಡಿಸದವರೂ ಇದ್ದಾರೆ. ಕೊಡಗಿನ ಕಡೆಯ ಒಬ್ಬರು ಹೆಂಡತಿ ಮಕ್ಕಳ ಜೊತೆ ಶೋಗೆ ಬಂದಿದ್ದರು. ಹಿಂದೂಮುಂದೂ ನೋಡಿ, "ತೆಗೆಯಬಹುದಾ?" ಅಂತ ಕೇಳಿ, ಸಿಲಿಂಡರ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಕೂರಿಸಿದರು. ರಿವಾಲ್ವರ್ ಮುಟ್ಟುತ್ತಿರುವುದು ಅದೇ ಮೊದಲು ಅಂದರು. ನನಗೆ ಆಶ್ಚರ್ಯ. "ನಮ್ಮನೇಲಿ ಜೋಡುನಳಿಕೆ ಕೋವಿ ಇತ್ತು. ಕೈಲ್‌ಪೋದ್ ಹಬ್ಬದ ದಿನ ತೋಕ್ ಪೂ, ಅದೇ ಕೋವಿ ಹೂ, ಇಟ್ಟು ಆಯುಧಗಳ ಪೂಜೆ ಆದಮೇಲೆ ಅಜ್ಜ ನಮ್ಮ ಕೈಗೆ ಕೊಡ್ತಿದ್ರು. ಒಂದು ಸಲ ಅದನ್ನ ಫಟ್ ಅಂತ ಮುಚ್ಚಿದ್ದಕ್ಕೆ ತಲೆಗೆ ಮೊಟಕಿದ್ರು" ಅಂದರು. ಕೋವಿಯ ಕೀಲಿಗೂ ಇದೇ ನ್ಯಾಯ. ಆ ಅಜ್ಜನನ್ನು ನನ್ನ ಟೇಬಲ್ ಪಕ್ಕ ಕೂರಿಸಿಕೊಳ್ಳುವ ಆಸೆ ನನಗೆ.

ಮುಚ್ಚುವುದು ಹೇಗೆ ಅಂತ ಕೇಳಿದರೆ, ಬಲಗೈಯಲ್ಲಿ ಹಿಡಿ, ಬೆರಳು ಟ್ರಿಗರಿನಿಂದ ಹೊರಗೆ. ಎಡಗೈಯ ಹೆಬ್ಬೆರಳನ್ನು ಸಿಲಿಂಡರಿನ ಮೇಲಿಟ್ಟು ಒಳಗೆ ಒತ್ತಿ. ಲಾಕ್ ಆಗುವ ಸದ್ದು ಮೆತ್ತಗೆ ಕೇಳಬೇಕು. ಆಮೇಲೆ ಸಿಲಿಂಡರನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿದರೆ ತನ್ನ ಜಾಗ ಹುಡುಕಿಕೊಂಡು ನಿಲ್ಲುತ್ತದೆ. ಎಡಚರಾದರೆ ಕೈ ಬದಲಾಗುತ್ತದೆ, ಆದರೆ ಒತ್ತುವುದು ಒತ್ತುವುದೇ. ಗಿರ್ರನೆ ತಿರುಗುತ್ತಿರುವಾಗ ಮುಚ್ಚುವುದೂ ಬೇಡ. ಸಿಲಿಂಡರ್ ಸುತ್ತ ಬಳೆ ಬಿದ್ದಂತೆ ಗೆರೆ ಬೀಳುತ್ತದೆ, ಕೊಳ್ಳುವವರು ಮೊದಲು ನೋಡುವುದು ಅದನ್ನೇ.

ಕೊಳ್ಳುವವರ ಮಾತು ಬಂತು. ಶೋದಲ್ಲಿ ಹಳೆಯ ಕೋಲ್ಟ್ ಪೈಥಾನ್ ರಿವಾಲ್ವರ್, ಹಳೆಯ ಸ್ಮಿತ್ ಅಂಡ್ ವೆಸನ್ ನೋಡುವಾಗ ಸಿಲಿಂಡರ್ ಮುಚ್ಚಿ, ಕ್ರೇನ್ ಫ್ರೇಮಿಗೆ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಬಾಯಿ ಬಿಟ್ಟಿದ್ದರೆ ಅನುಮಾನ ಪಡಿ. ಕೆತ್ತನೆ ಎಷ್ಟೇ ಚೆನ್ನಾಗಿರಲಿ. 1935ರ ಸ್ಮಿತ್ ಅಂಡ್ ವೆಸನ್ ರಿಜಿಸ್ಟರ್ಡ್ ಮ್ಯಾಗ್ನಮ್ ಅಂತ ಒಂದಿತ್ತು, ಗಿರಾಕಿ ಹೇಳಿದಂತೆ ಬ್ಯಾರಲ್ ಉದ್ದ, ಸೈಟು, ಹಿಡಿ ಎಲ್ಲ ಮಾಡಿಕೊಡುತ್ತಿದ್ದರು, ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾಪತಿ ಜನರಲ್ ಪ್ಯಾಟನ್ ದಂತದ ಹಿಡಿ ಹಾಕಿಸಿಕೊಂಡದ್ದು ಅಂಥದ್ದಕ್ಕೇ. ಅಂಥದ್ದು ಸಿಕ್ಕರೂ ಮೊದಲು ನೋಡಬೇಕಾದ್ದು ಕ್ರೇನ್ ಗೆರೆ. ಹಿಡಿಯ ವಿಷಯಕ್ಕೆ ಬಂದರೆ ನನ್ನ ಬಳಿ ಜನ ಕೇಳುವುದು ಕಡವೆ ಕೊಂಬು. ನಮ್ಮ ಕಾಡಿನ ಕಡವೆಯೇ, ಇಲ್ಲಿನವರಿಗೆ ಅದು ಇಂಡಿಯನ್ ಸ್ಟ್ಯಾಗ್. ಭಾರತದಿಂದ ಈಗ ರಫ್ತು ಇಲ್ಲ, ಹಳೆಯ ದಾಸ್ತಾನಿಗೆ ಭಾರಿ ಬೆಲೆ. ಊರಿಂದ ಬರುವಾಗ ಯಾರಾದರೂ ಸೂಟ್‌ಕೇಸಿನಲ್ಲಿ ತರುತ್ತೇನೆ ಅಂದರೆ, ದಯವಿಟ್ಟು ಬೇಡ.

ವೀಸಾ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಕೆಲಸದ ಎಚ್-1ಬಿ, ಓದಿನ ಎಫ್-1, ಪ್ರವಾಸದ ಬಿ-2 ವೀಸಾ ಮೇಲೆ ಇರುವವರು ಬಂದೂಕು, ಗುಂಡು ಹೊಂದಿರುವಂತಿಲ್ಲ ಅಂತ ಅಮೆರಿಕದ ಫೆಡರಲ್ ಕಾನೂನು. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಶೋದಲ್ಲಿ ಒಂದು ನಿಮಿಷ ಕೈಯಲ್ಲಿ ಹಿಡಿದರೆ ಅದು ಹೊಂದಿದಂತೆಯಾ ಅಲ್ವಾ ಅನ್ನುವುದನ್ನು ವಕೀಲರನ್ನು ಕೇಳಿ, ನನ್ನನ್ನು ಕೇಳಬೇಡಿ. ನನ್ನ ಟೇಬಲ್‌ನಲ್ಲಿ ಮಾತ್ರ ಅಂಥವರ ಕೈಗೆ ಕೊಡುವುದಿಲ್ಲ. ಮಗನ ಮನೆಗೆ ಬಂದ ಅಪ್ಪ ಅಮ್ಮಂದಿರು ಆಸೆಯಿಂದ ಕೈ ಚಾಚುತ್ತಾರೆ. "ಅಂಕಲ್, ಕಣ್ಣಲ್ಲೇ ನೋಡಿ" ಅನ್ನುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಇನ್ನು ಟೇಬಲ್ ಹಿಡಿಯುವವರಿಗೆ. ಬಾಗಿಲಲ್ಲಿ ಗುಂಡು ಖಾಲಿ ಇದೆಯಾ ನೋಡಿ ಪ್ಲಾಸ್ಟಿಕ್ ಟೈ ಹಾಕುತ್ತಾರೆ, ಶೋದವರ ನಿಯಮವೇ ಮೊದಲು. ಅವರು ಬಿಟ್ಟರೆ ನಾನು ಮಾಡುವುದು ಇಷ್ಟು. ಸಿಲಿಂಡರ್ ಮುಚ್ಚಿ, ಟ್ರಿಗರಿನ ಹಿಂದೆ ಒಂದು ಟೈ, ಫ್ರೇಮು ಸಿಲಿಂಡರು ಎರಡನ್ನೂ ಸುತ್ತಿ ಒಂದು ವೆಲ್ಕ್ರೋ ಪಟ್ಟಿ. ಸಿಲಿಂಡರ್ ತೆರೆದಿಟ್ಟು ಪ್ರದರ್ಶನ ಮಾಡಬೇಡಿ, ಅದರ ಮೇಲೆ ಯಾರಾದರೂ ಬ್ಯಾಗ್ ಇಟ್ಟರೆ ಜಾಡಿಸಿದ್ದಕ್ಕಿಂತ ಹೆಚ್ಚು ಹಾನಿ. ಒಳಗೆ ನೋಡಬೇಕು ಅಂದವರಿಗೆ ಪಟ್ಟಿ ಬಿಚ್ಚಿ ನಾನೇ ತೆರೆಯುತ್ತೇನೆ, ನಾನೇ ಮುಚ್ಚುತ್ತೇನೆ. ಪಾಯಿಂಟ್ 22 ಗುಂಡಿನ ರಿವಾಲ್ವರ್ ಇದ್ದರೆ ಗುಂಡಿಲ್ಲದೆ ಖಾಲಿ ಟ್ರಿಗರ್ ಎಳೆಯಲು ಯಾರಿಗೂ ಬಿಡಬೇಡಿ. ಎಣ್ಣೆ ಸವರಿದ ಬಟ್ಟೆ ಕೈಯಲ್ಲೇ ಇರಲಿ, ಒಬ್ಬೊಬ್ಬರು ಮುಟ್ಟಿ ಹೋದ ಮೇಲೂ ಒರೆಸಿ, ಬೆವರಿನ ಉಪ್ಪಿಗೆ ಬ್ಲೂಯಿಂಗ್ ತಡೆಯುವುದಿಲ್ಲ. ಆಯುಧಪೂಜೆಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿ ವಾರವಿಡೀ ಹಾಗೇ ಬಿಟ್ಟ ಒಬ್ಬರ ರಿವಾಲ್ವರ್ ಮೇಲೆ ಬೊಟ್ಟಿನ ಆಕಾರದಲ್ಲೇ ತುಕ್ಕು ಬಂದಿತ್ತು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಬೊಟ್ಟನ್ನು ಮರದ ಹಿಡಿಗೆ ಇಡಿ, ಸಂಜೆ ಒರೆಸಿ.

ಏಪ್ರಿಲ್‌ನಲ್ಲೂ ನವೆಂಬರ್‌ನಲ್ಲೂ ಒಕ್ಲಹೋಮಾದ ತುಲ್ಸಾದಲ್ಲಿ ದೊಡ್ಡ ಶೋ ನಡೆಯುತ್ತದೆ. ಅದಕ್ಕೆ ಮುಂಚಿನ ವಾರವೇ ಎಲ್ಲರಿಗೂ ಕ್ರೇನ್ ನೆನಪಾಗುತ್ತದೆ. ತುರ್ತು ಕೆಲಸ ನಾನು ತೆಗೆದುಕೊಳ್ಳುವುದಿಲ್ಲ. ಶೋದ ಟೇಬಲ್ ಮೇಲೆ ಸುತ್ತಿಗೆಯನ್ನೂ ಹಿಡಿಯುವುದಿಲ್ಲ, ಎಷ್ಟು ಬೇಡಿಕೊಂಡರೂ. ಒಂದು ತಿಂಗಳು ಮೊದಲೇ ಅಂಗಡಿಗೆ ತನ್ನಿ, ಖಾಲಿ ಮಾಡಿ ತನ್ನಿ, ಮತ್ತು ಕೌಂಟರಿನಲ್ಲಿ ತೊಂದರೆ ಏನು ಅಂತ ಬಾಯಲ್ಲಿ ಹೇಳಿ, ಜಾಡಿಸಿ ತೋರಿಸಬೇಡಿ.